ಕರಡಿಯ ಸೀಮೆಯ ಕಾಲುದಾರಿ

“ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ” ಎಂಬ ಮಾತನ್ನು ಆಡದ ಕನ್ನಡಿಗನಿಲ್ಲ. ಮದುವೆಯ ಮಾತುಕತೆ ಸುಸೂತ್ರವಾಗಿ ನಡೆಯುತ್ತಿರುವಾಗ ಹಿರಿಯರೊಬ್ಬರು ಮೂವತ್ತು ವರ್ಷದ ಹಿಂದಿನ ಮನಸ್ತಾಪವನ್ನು ಎತ್ತಿದರೆ ಸಾಕು, ಪಕ್ಕದಲ್ಲಿ ಕುಳಿತವರ ಬಾಯಿಂದ ಈ ಗಾದೆ ತಾನಾಗಿ ಹೊರಡುತ್ತದೆ. ಗಾದೆಯೊಳಗಿನ ಕರಡಿ ಮೃಗವೇ ಅಲ್ಲವೆಂದೂ, ಅದು ‘ಕರಡೆ’ ಎಂಬ ಅಬ್ಬರದ ವಾದ್ಯವೆಂದೂ, ಪ್ರಶಾಂತವಾದ ಪೂಜೆಯ ವೇಳೆಯಲ್ಲಿ ಅದನ್ನು ಬಾರಿಸಿದರೆ ಆಗುವ ಗೊಂದಲವನ್ನೇ ಹಿರಿಯರು ಹೀಗೆ ಹೇಳಿದರೆಂದೂ ವಿವರಿಸುವವರುಂಟು. ಯಾವುದು ಸರಿ ಎಂಬುದನ್ನು ಪಂಡಿತರು ತೀರ್ಮಾನಿಸಲಿ. ಆದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಗುಡ್ಡದ ದಾರಿಯಲ್ಲಿ ನಡೆಯುವವರಿಗೆ ಕರಡಿಗೂ ಸದ್ದಿಗೂ ಇರುವ ನಂಟು ನಿಘಂಟಿನ ವಿಚಾರವಲ್ಲ, ಪ್ರಾಣದ ವಿಚಾರ. ಅಲ್ಲಿ ಸದ್ದು ಮಾಡುತ್ತ ಬಂದವನಿಗೆ ಕರಡಿ ಸಾಮಾನ್ಯವಾಗಿ ದಾರಿ ಬಿಡುತ್ತದೆ. ಸದ್ದಿಲ್ಲದೆ ಬಂದವನ ಮೇಲೆ ಎರಗುತ್ತದೆ.

ಬೆನ್ನಿಗೆ ಚೀಲ ಕಟ್ಟಿಕೊಂಡು ದಿನಗಟ್ಟಲೆ ಕಾಡುಮೇಡುಗಳಲ್ಲಿ ನಡೆಯುವುದು ಈಗ ಪಟ್ಟಣದ ತರುಣ ತರುಣಿಯರಿಗೆ ಪ್ರಿಯವಾದ ಹವ್ಯಾಸ. ಅದಕ್ಕೆಂದೇ ಬೂಟುಗಳಿವೆ, ಹಗುರವಾದ ಡೇರೆಗಳಿವೆ, ಮಾರ್ಗದರ್ಶಕ ಪುಸ್ತಕಗಳಿವೆ. ಇದೇ ಕೆಲಸವನ್ನು ಹವ್ಯಾಸಕ್ಕಲ್ಲದೆ ಬದುಕಿಗಾಗಿ ತಲೆತಲಾಂತರದಿಂದ ಮಾಡಿಕೊಂಡು ಬಂದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಅವರ ನಡಿಗೆಯಿಂದ ಕಲಿಯಬೇಕಾದುದು ಬಹಳವಿದೆ. ಅವರು ನಡೆಯುವ ದಾರಿಗಳು ಒಂದೊಂದಾಗಿ ಮುಚ್ಚುತ್ತಿರುವುದರಿಂದ, ಆ ಪಾಠವನ್ನು ಬೇಗನೆ ಕಲಿಯಬೇಕಾಗಿಯೂ ಇದೆ.

ನನ್ನಿವಾಳದ ಮಂದೆಗಳು

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಮ್ಯಾಸಬೇಡರ ಹಿರಿಯ ನೆಲೆಗಳಲ್ಲಿ ಒಂದು. ಆ ಬುಡಕಟ್ಟಿನ ನ್ಯಾಯ ಪಂಚಾಯಿತಿಗಳು, ದೇವರ ಕಾರ್ಯಗಳು ತೀರ್ಮಾನವಾಗುವ ಪೀಠಕ್ಕೆ ‘ಕಟ್ಟೆಮನೆ’ ಎಂದು ಹೆಸರು. ನನ್ನಿವಾಳದಲ್ಲಿ ಅಂಥ ಒಂದು ಕಟ್ಟೆಮನೆಯಿದೆ. ಮನೆಯಲ್ಲಿ ತೆಲುಗನ್ನೂ ಸಂತೆಯಲ್ಲಿ ಕನ್ನಡವನ್ನೂ ಆಡುವ ಕುಟುಂಬಗಳು ಈ ಜನರಲ್ಲಿ ಹಲವು. ಇವರ ಬದುಕಿನ ನಡುಗಂಬವೆಂದರೆ ‘ದೇವರ ಎತ್ತು’. ದೇವರಿಗೆ ಬಿಟ್ಟ ಈ ದನಗಳನ್ನು ನೊಗಕ್ಕೆ ಹೂಡುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು ಮಾಡುತ್ತಾರೆ. ಅವುಗಳನ್ನು ಕಾಯುವವನೇ ಕಿಲಾರಿ. ಅವನ ಪಾಲಿಗೆ ದನ ಕಾಯುವುದು ಕೂಲಿಯ ಕೆಲಸವಲ್ಲ, ವ್ರತ.

ಈ ಸೀಮೆ ರಾಜ್ಯದಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ಮಳೆ ಬಂದರೆ ಹುಲ್ಲು. ಮಳೆ ತಪ್ಪಿದರೆ ದಾರಿ. ಮೇವು ಎಲ್ಲಿದೆಯೋ ಅಲ್ಲಿಗೆ ಮಂದೆಯನ್ನು ಹೊಡೆದುಕೊಂಡು ಹೋಗುವುದಲ್ಲದೆ ಬೇರೆ ಉಪಾಯವಿಲ್ಲ. ಇದೇ ಸೀಮೆಯ ಕಾಡುಗೊಲ್ಲರೂ ಕುರುಬರೂ ಇದೇ ಕಟ್ಟಳೆಗೆ ಒಳಪಟ್ಟವರು. ಮಳೆಗಾಲ ಕಳೆದು ಊರ ಮೇವು ತೀರಿದ ಮೇಲೆ ಕುರಿಗಾರರು ಭದ್ರಾ, ತುಂಗಭದ್ರಾ ನೀರಾವರಿಯ ಬಯಲುಗಳ ಕಡೆಗೆ ಹೊರಡುತ್ತಾರೆ. ಕೊಯ್ಲಾದ ಹೊಲಗಳಲ್ಲಿ ರಾತ್ರಿ ಮಂದೆ ನಿಲ್ಲಿಸಿ, ಗೊಬ್ಬರಕ್ಕೆ ಪ್ರತಿಯಾಗಿ ರೈತನಿಂದ ಕಾಳನ್ನೋ ಹಣವನ್ನೋ ಪಡೆದು, ಮುಂಗಾರಿನ ವೇಳೆಗೆ ಮತ್ತೆ ಊರು ಸೇರುತ್ತಾರೆ. ಹೋಗುವುದು ಬರುವುದು ಎಲ್ಲವೂ ಕಾಲ್ನಡಿಗೆಯೇ.

ಈ ಪಯಣಿಗನ ಸರಂಜಾಮು ನೋಡಿದರೆ ಇಂದಿನ ಚಾರಣಿಗನಿಗೆ ನಾಚಿಕೆಯಾದೀತು. ಹೆಗಲ ಮೇಲೊಂದು ಕರಿಯ ಕಂಬಳಿ. ಮಳೆ ಬಂದರೆ ಅದೇ ಕೊಪ್ಪೆ, ಚಳಿಯಾದರೆ ಅದೇ ಹೊದಿಕೆ, ನಿದ್ದೆಗೆ ಅದೇ ಹಾಸಿಗೆ, ಸಂತೆಗೆ ಹೋದರೆ ಅದೇ ಗಂಟು. ಚಳ್ಳಕೆರೆಯ ಕಂಬಳಿಗೆ ಹೆಸರು ಬಂದುದು ಸುಮ್ಮನೆ ಅಲ್ಲ. ಕೈಯಲ್ಲಿ ಉದ್ದನೆಯ ಕೋಲು, ಬುತ್ತಿಯಲ್ಲಿ ರೊಟ್ಟಿ ಅಥವಾ ಹುರಿಹಿಟ್ಟು, ಹಿಂದೆ ಮುಂದೆ ನಾಯಿಗಳು, ದನಗಳ ಕೊರಳಲ್ಲಿ ಗಂಟೆ. ಇಷ್ಟರಲ್ಲಿ ತಿಂಗಳುಗಟ್ಟಲೆಯ ಪ್ರಯಾಣ ನಡೆದುಹೋಗುತ್ತದೆ.

ಈ ನೆಲದಲ್ಲಿ ದೂರದ ನಡಿಗೆ ಬಹಳ ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವುಗಳನ್ನು ಲೋಕದ ಗಮನಕ್ಕೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಪುತ್ರನು ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ ಆ ಬಂಡೆಗಳ ಮೇಲಿದೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಆ ಆಜ್ಞೆಯನ್ನು ಹೊತ್ತು ತಂದವರು ಯಾರೋ. ಅವರು ಹಾದುಬಂದ ಕುರುಚಲು ಕಾಡು, ಬಂಡೆಗಳ ರಾಶಿ, ಮುಳ್ಳಿನ ಪೊದೆ ಮಾತ್ರ ಇಂದಿಗೂ ಗುರುತು ಸಿಗುವಂತಿವೆ. ಆ ಬಂಡೆಗಳ ನಡುವಿನ ಗವಿಗಳೇ ಕರಡಿಯ ಮನೆ.

ಕರಡಿಯ ಸ್ವಭಾವ

ನಮ್ಮ ಬಯಲುಸೀಮೆಯ ಕರಡಿ ಲೋಕದ ಇತರ ಕರಡಿಗಳಂತಲ್ಲ. ಉದ್ದ ಕೂದಲು, ಮೂರು ಅಂಗುಲ ಮೀರಿದ ಬಾಗಿದ ಉಗುರುಗಳು, ಎದೆಯ ಮೇಲೆ ಬಿಳಿಯ ಬಾಗುಪಟ್ಟೆ, ಮುಂದಕ್ಕೆ ಚಾಚಿದ ತುಟಿ. ಇವು ಅದರ ಗುರುತು. 1791ರಲ್ಲಿ ಜಾರ್ಜ್ ಶಾ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞನು ಈ ಉಗುರುಗಳನ್ನು ನೋಡಿ, ಇದು ದಕ್ಷಿಣ ಅಮೆರಿಕದ ಮರಗಳಲ್ಲಿ ನೇತಾಡುವ ‘ಸ್ಲಾತ್’ ಎಂಬ ಸೋಮಾರಿ ಪ್ರಾಣಿಯ ಬಂಧುವೆಂದು ತಿಳಿದು ಹೆಸರಿಟ್ಟನು. ತಪ್ಪು ತಿಳಿದ ಮೇಲೆಯೂ ‘ಸ್ಲಾತ್ ಕರಡಿ’ ಎಂಬ ಹೆಸರು ಉಳಿದುಕೊಂಡಿತು. ಇದು ಸೋಮಾರಿಯೇನೂ ಅಲ್ಲ. ಬೆನ್ನಟ್ಟಿದರೆ ಮನುಷ್ಯನಿಗಿಂತ ವೇಗವಾಗಿ ಓಡಬಲ್ಲದು. ಗಂಡು ಕರಡಿ ಒಂದು ಕ್ವಿಂಟಾಲು ಮೀರಿ ತೂಗುವುದು ಅಪರೂಪವಲ್ಲ.

ಇದರ ಮುಖ್ಯ ಆಹಾರ ಗೆದ್ದಲು, ಇರುವೆ, ಜೇನು ಮತ್ತು ಹಣ್ಣು. ಬಾರೆ, ಕವಳೆ, ನೇರಳೆ, ಸೀತಾಫಲ, ಕಕ್ಕೆಕಾಯಿ, ಹೀಗೆ ಋತುವಿಗೆ ತಕ್ಕ ಊಟ. ಗೆದ್ದಲು ತಿನ್ನುವುದಕ್ಕಾಗಿಯೇ ಪ್ರಕೃತಿ ಅದರ ಬಾಯನ್ನು ಹೊಸದಾಗಿ ರೂಪಿಸಿದಂತಿದೆ. ಮೇಲಿನ ದವಡೆಯ ನಡುವಿನ ಎರಡು ಹಲ್ಲುಗಳೇ ಇಲ್ಲ. ಹುತ್ತವನ್ನು ಬಗೆದು, ಮೂತಿಯನ್ನು ಒಳಗಿಟ್ಟು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಮೊದಲು ಧೂಳನ್ನು ಊದಿ, ಆಮೇಲೆ ಆ ಹಲ್ಲಿಲ್ಲದ ಸಂದಿನಿಂದ ಗೆದ್ದಲನ್ನು ಹೀರುತ್ತದೆ. ಆ ಹೀರುವ ಸದ್ದು ನೂರು ಗಜದಾಚೆಗೂ ಕೇಳಿಸುತ್ತದೆ.

ದಾರಿಹೋಕನು ತಿಳಿಯಬೇಕಾದ ಮರ್ಮ ಇಲ್ಲಿಯೇ ಇದೆ. ಹೊಳ್ಳೆ ಮುಚ್ಚಿ, ತಲೆಯನ್ನು ಹುತ್ತದಲ್ಲಿ ಹುದುಗಿಸಿ, ತಾನೇ ಇಷ್ಟೊಂದು ಸದ್ದು ಮಾಡುತ್ತಿರುವ ಪ್ರಾಣಿಗೆ ಮನುಷ್ಯನ ವಾಸನೆಯೂ ತಾಕದು, ಹೆಜ್ಜೆಯ ಸದ್ದೂ ಕೇಳದು. ಮೊದಲೇ ಅದರ ದೃಷ್ಟಿ ಮಂದ. ಹತ್ತು ಗಜದ ಒಳಗೆ ಬಂದ ಮೇಲೆ ತಟ್ಟನೆ ತಲೆಯೆತ್ತಿ ನೋಡಿದರೆ ಎದುರಿಗೊಂದು ನಿಂತ ಆಕಾರ! ಯೋಚಿಸಲು ಅದಕ್ಕೆ ವ್ಯವಧಾನವಿಲ್ಲ. ಎರಗಿಬಿಡುತ್ತದೆ.

ಓಡಿಹೋಗಬಾರದೇಕೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಪ್ರಾಣಿಶಾಸ್ತ್ರಜ್ಞರು ಕೊಡುವ ಉತ್ತರ ಸ್ವಾರಸ್ಯವಾಗಿದೆ. ಅಮೆರಿಕದ ಕಪ್ಪು ಕರಡಿ ಅಪಾಯ ಕಂಡರೆ ಮರ ಹತ್ತುತ್ತದೆ. ನಮ್ಮ ಕರಡಿ ಲಕ್ಷಾಂತರ ವರ್ಷ ಹುಲಿ ಚಿರತೆಗಳ ಜೊತೆಯಲ್ಲಿ ಬಾಳಿದೆ. ಕುರುಚಲು ಬಯಲಿನಲ್ಲಿ ಹತ್ತಿ ತಪ್ಪಿಸಿಕೊಳ್ಳುವಂಥ ಮರಗಳೂ ಕಡಿಮೆ. ಹತ್ತಿದರೆ ಚಿರತೆಯೂ ಹತ್ತುತ್ತದೆ. ಹುಲಿಯ ಮುಂದೆ ಬೆನ್ನು ತೋರಿಸಿ ಓಡಿದ ಕರಡಿ ಬದುಕಲಿಲ್ಲ. ತಿರುಗಿ ನಿಂತು ಅಬ್ಬರಿಸಿ ಮೇಲೆ ಬಿದ್ದ ಕರಡಿ ಬದುಕಿತು. ಆ ಬದುಕಿದವುಗಳ ಸಂತಾನವೇ ಇಂದಿನ ಕರಡಿ. ಈ ಸೀಮೆಯಲ್ಲಿಯೂ ಹುಲಿಯಿತ್ತೆಂಬುದಕ್ಕೆ ಮ್ಯಾಸಬೇಡರ ನೆನಪೇ ಸಾಕ್ಷಿ. ದನಗಳನ್ನು ಕಾಯುತ್ತ ಹುಲಿಯೊಡನೆ ಕಾದಿ ಮಡಿದ ಗಾದ್ರಿ ಪಾಲನಾಯಕ ಅವರ ಆರಾಧ್ಯ ವೀರ. ಚಿತ್ರದುರ್ಗದ ಬಳಿಯ ಮಿಂಚೇರಿಯಲ್ಲಿರುವ ಅವನ ಸಮಾಧಿಗೆ ಇಂದಿಗೂ ಜನ ಎತ್ತಿನ ಗಾಡಿ ಕಟ್ಟಿಕೊಂಡು ಯಾತ್ರೆ ಹೋಗುತ್ತಾರೆ. ಇಲ್ಲಿಯ ಗುಡ್ಡಗಳಿಂದ ಹುಲಿ ಮರೆಯಾಗಿದೆ. ಹುಲಿಗಾಗಿ ಕಲಿತ ಪಾಠ ಮಾತ್ರ ಕರಡಿಯ ರಕ್ತದಲ್ಲಿ ಉಳಿದಿದೆ. ಬರುತ್ತಿರುವವನು ಹುಲಿಯಲ್ಲ, ಎಮ್ಮೆ ಹುಡುಕಿಕೊಂಡು ಬಂದ ಬಡಪಾಯಿ ಎಂಬುದು ಅದಕ್ಕೆ ಹೇಗೆ ತಿಳಿಯಬೇಕು?

ಕೆನೆತ್ ಆಂಡರ್ಸನ್ನರ ಬೇಟೆಯ ಕಥೆಗಳನ್ನು ಓದಿದವರಿಗೆ ಅರಸೀಕೆರೆಯ ಕಡೆಯ ಗುಡ್ಡಗಳಲ್ಲಿ ಹಲವರನ್ನು ಕೊಂದ ಕರಡಿಯ ವೃತ್ತಾಂತ ನೆನಪಿರಬಹುದು. 1957ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಅದು ಸೇರಿದೆ. ಅಂಥ ಕರಡಿ ಅಪರೂಪ. ಸಾಮಾನ್ಯವಾಗಿ ಕರಡಿ ಮನುಷ್ಯನನ್ನು ತಿನ್ನಲು ಬರುವುದಿಲ್ಲ. ಅವನಿಂದ ಪಾರಾಗಲು ಬರುತ್ತದೆ. ಗಾಯಗಳು ಹೆಚ್ಚಾಗಿ ಮುಖಕ್ಕೂ ತಲೆಗೂ ಆಗುವುದರಿಂದ, ಬದುಕಿ ಉಳಿದವನು ಜೀವನವಿಡೀ ಆ ಒಂದು ಕ್ಷಣವನ್ನು ಮುಖದ ಮೇಲೆ ಹೊತ್ತು ತಿರುಗಬೇಕಾಗುತ್ತದೆ.

ನಡಿಗೆಯ ನೇಮ

ಕರಡಿಯ ಈ ಸ್ವಭಾವವನ್ನು ಮುಂದಿಟ್ಟುಕೊಂಡು ನೋಡಿದರೆ ದನಗಾಹಿಯ ಒಂದೊಂದು ಪದ್ಧತಿಗೂ ಅರ್ಥ ಹೊಳೆಯುತ್ತದೆ.

ಮೊದಲನೆಯದು ಸದ್ದು. ದನಗಳ ಕೊರಳ ಗಂಟೆ ಅಲಂಕಾರಕ್ಕೆ ಮಾತ್ರವಲ್ಲ, ಕಳೆದುಹೋದ ದನವನ್ನು ಹುಡುಕುವುದಕ್ಕೆ ಮಾತ್ರವೂ ಅಲ್ಲ. ನೂರು ಗೊರಸುಗಳ ತುಳಿತ, ಗಂಟೆಯ ನಾದ, ಕಾಯುವವನ ಕೂಗು ಒಟ್ಟಾಗಿ ಒಂದು ಮೈಲಿ ಮುಂಚೆಯೇ ಗುಡ್ಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಬಿಡುವಾಗಿ ದೂರ ಸರಿಯಲು ಕರಡಿಗೆ ಸಮಯ ಸಿಕ್ಕರೆ, ಅದು ಸಾಮಾನ್ಯವಾಗಿ ಸರಿದೇ ಹೋಗುತ್ತದೆ. ಅಪಾಯಕ್ಕೆ ಒಳಗಾಗುವವರಲ್ಲಿ ಹೆಚ್ಚಿನವರು ಒಂಟಿಗರು: ಸೌದೆಗೆ ಹೋದವರು, ಬಯಲುಕಡೆಗೆ ಹೋದವರು, ನಸುಕಿನಲ್ಲಿ ಹೊಲಕ್ಕೆ ನೀರು ತಿರುಗಿಸಲು ಹೊರಟವರು. ಮಂದೆಯೊಡನೆ ನಡೆಯುವವನಿಗಿಂತ, ತಪ್ಪಿಸಿಕೊಂಡ ಒಂದೇ ಕರುವನ್ನು ಹುಡುಕಿಕೊಂಡು ಪೊದೆಯೊಳಗೆ ಒಬ್ಬನೇ ನುಗ್ಗುವವನಿಗೆ ಭಯ ಹೆಚ್ಚು.

ಎರಡನೆಯದು ಹೊತ್ತು. ಕರಡಿ ಬಿಸಿಲಿನ ಹೊತ್ತನ್ನು ಬಂಡೆಯ ಪೊಟರೆಯಲ್ಲಿ ಕಳೆದು, ಸಂಜೆ ಹೊರಟು, ರಾತ್ರಿಯೆಲ್ಲ ತಿರುಗಿ, ಬೆಳಗಿನ ಜಾವಕ್ಕೆ ಹಿಂದಿರುಗುತ್ತದೆ. ಆದ್ದರಿಂದ ಹೊತ್ತು ಮುಳುಗುವುದರೊಳಗಾಗಿ ಗುಡ್ಡದ ಸೆರಗನ್ನು ಬಿಟ್ಟು ಬಯಲಿಗೆ ಇಳಿದು ಬೀಡು ಬಿಡಬೇಕು. ಸೂರ್ಯ ಮೇಲೇರಿದ ಮೇಲೆಯೇ ಮುಂದಕ್ಕೆ ಹೊರಡಬೇಕು. ಬೇಸಗೆಯಲ್ಲಿ ಬಂಡೆಯ ದೋಣೆಗಳಲ್ಲಿಯೂ ಹಳ್ಳದ ಒರತೆಗಳಲ್ಲಿಯೂ ಉಳಿದ ನೀರಿಗೆ ಮನುಷ್ಯನೂ ಕರಡಿಯೂ ಸಮಾನ ಹಕ್ಕುದಾರರು. ಹಗಲಿನ ಸರದಿ ಮನುಷ್ಯನದು, ಇರುಳಿನ ಸರದಿ ಕರಡಿಯದು. ಈ ಸರದಿಯನ್ನು ಮುರಿದವನೇ ತೊಂದರೆಗೆ ಸಿಕ್ಕುತ್ತಾನೆ.

ಮೂರನೆಯದು ಕಾಲ. ಚಳಿಗಾಲದಲ್ಲಿ ಹೆಣ್ಣು ಕರಡಿ ಗವಿಯಲ್ಲಿ ಒಂದೆರಡು ಮರಿ ಹಾಕುತ್ತದೆ. ಎರಡು ತಿಂಗಳು ಕಳೆದ ಮೇಲೆ ಮರಿಗಳು ತಾಯಿಯ ಬೆನ್ನೇರಿ ಹೊರಗೆ ಬರುತ್ತವೆ. ಉದ್ದ ಕೂದಲನ್ನು ಹಿಡಿದುಕೊಂಡು ಬೆನ್ನ ಮೇಲೆ ಸವಾರಿ ಮಾಡುವ ಮರಿಗಳನ್ನು ಚಿತ್ರದಲ್ಲಿ ನೋಡಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಗುಡ್ಡದಲ್ಲಿ ಅದೇ ನೋಟ ಎಲ್ಲಕ್ಕಿಂತ ಹೆಚ್ಚಿನ ಅಪಾಯದ ಸೂಚನೆ. ಆ ತಿಂಗಳುಗಳಲ್ಲಿ ಗವಿಗಳ ಬಾಯಿಯನ್ನು ದೂರದಿಂದಲೇ ಬಳಸಿ ಹೋಗಬೇಕು.

ನಾಲ್ಕನೆಯದು ಬೇಲಿ ಮತ್ತು ಬೆಂಕಿ. ರಾತ್ರಿಯ ಬೀಡಿಗೆ ಮುಳ್ಳಿನ ಕೊಂಬೆಗಳ ಬೇಲಿಯೂ ನಡುವೆ ಬೆಂಕಿಯೂ ರಕ್ಷಣೆ. ಮುಳ್ಳು ಈ ಸೀಮೆಯವರ ಹಳೆಯ ಬಂಧು. ಚಳ್ಳಕೆರೆ ತಾಲ್ಲೂಕಿನಲ್ಲಿ ಕಾಡುಗೊಲ್ಲರು ನಡೆಸುವ ಕ್ಯಾತಪ್ಪನ ಜಾತ್ರೆಯಲ್ಲಿ ದೇವರ ಗುಡಿಯೇ ಮುಳ್ಳಿನದು; ಭಕ್ತರು ಬರಿಗಾಲಿನಲ್ಲಿ ಅದನ್ನು ಹತ್ತುತ್ತಾರೆ.

ನಾಯಿಯ ವಿಷಯದಲ್ಲಿ ಮಾತ್ರ ಎರಡು ಮಾತು ಹೇಳಬೇಕು. ಮಂದೆಯ ಸುತ್ತ ಇದ್ದುಕೊಂಡು ಬೊಗಳುವ ನಾಯಿ ದೊಡ್ಡ ಕಾವಲು. ಆದರೆ ಮುಂದೆ ಮುಂದೆ ಓಡಿ, ಪೊದೆಯಲ್ಲಿದ್ದ ಕರಡಿಯನ್ನು ಕೆಣಕಿ, ಅದು ಅಟ್ಟಿಸಿಕೊಂಡು ಬಂದಾಗ ಬಾಲ ಮುದುರಿ ಯಜಮಾನನ ಕಾಲ ಬುಡಕ್ಕೆ ಓಡಿಬರುವ ನಾಯಿ ಕರಡಿಯನ್ನೂ ಜೊತೆಯಲ್ಲಿ ಕರೆತರುತ್ತದೆ. ಅಂಥ ನಾಯಿಗಿಂತ ನಾಯಿಯಿಲ್ಲದಿರುವುದೇ ಲೇಸು.

ಸಾಗರದಾಚೆಯ ದಾರಿಗಳು

ಅಮೆರಿಕದಲ್ಲಿ ದೂರದ ಕಾಲ್ನಡಿಗೆಗೆಂದೇ ಕಾಪಾಡಿಕೊಂಡು ಬಂದ ದಾರಿಗಳಿವೆ. ಪೂರ್ವದಲ್ಲಿ ಅಪಲಾಚಿಯನ್ ದಾರಿ ಸುಮಾರು 3,500 ಕಿಲೋಮೀಟರು ಉದ್ದ. ಪಶ್ಚಿಮದಲ್ಲಿ ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಯವರೆಗೆ ಹೋಗುವ ಪೆಸಿಫಿಕ್ ಕ್ರೆಸ್ಟ್ ದಾರಿ 4,200 ಕಿಲೋಮೀಟರಿಗೂ ಹೆಚ್ಚು. ಐದಾರು ತಿಂಗಳು ಬೆನ್ನ ಮೇಲೆ ಸಂಸಾರ ಹೊತ್ತು ಜನ ಅಲ್ಲಿ ನಡೆಯುತ್ತಾರೆ. ದಾರಿಯುದ್ದಕ್ಕೂ ಕರಡಿಗಳ ಸೀಮೆಯೇ.

ಅಲ್ಲಿಯ ನಿಯಮಗಳು ಬೇರೆ. ಏಕೆಂದರೆ ಅಲ್ಲಿಯ ಕರಡಿಗಳು ಬೇರೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಒಳಕಾಡಿನಲ್ಲಿ ತಂಗುವವನು ತನ್ನ ಬುತ್ತಿಯನ್ನು ಕರಡಿ ತೆರೆಯಲಾರದ ಗಟ್ಟಿ ಡಬ್ಬಿಯಲ್ಲಿಯೇ ಇಡಬೇಕು. ಅಲ್ಲಿಯ ಕಪ್ಪು ಕರಡಿಗೆ ಬೇಕಾದುದು ಮನುಷ್ಯನಲ್ಲ, ಅವನ ಊಟ. ಒಮ್ಮೆ ಆ ರುಚಿ ಹತ್ತಿದ ಕರಡಿ ಮತ್ತೆ ಮತ್ತೆ ಬರುತ್ತದೆ, ಕಡೆಗೆ ಗುಂಡಿಗೆ ಗುರಿಯಾಗುತ್ತದೆ. ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಇರುವುದು ಇನ್ನೂ ದೊಡ್ಡದಾದ ಗ್ರಿಜ್ಲಿ. ಅಲ್ಲಿ ಮೂವರಿಗಿಂತ ಕಡಿಮೆಯಾಗಿ ನಡೆಯಬೇಡಿ, ಮಾತನಾಡುತ್ತ ಕೈತಟ್ಟುತ್ತ ನಡೆಯಿರಿ, ಕರಡಿ ಕಂಡರೆ ನೂರು ಗಜ ದೂರದಲ್ಲಿರಿ, ಮೆಣಸಿನಕಾಯಿಯ ಖಾರದ ಸತ್ತ್ವ ತುಂಬಿದ ಸಿಂಪಡಣೆ ಡಬ್ಬಿಯನ್ನು ಸೊಂಟದಲ್ಲಿಟ್ಟುಕೊಳ್ಳಿ ಎಂದು ಉದ್ಯಾನದವರು ಹೇಳುತ್ತಾರೆ. ಅದೇ ಖಾರದ ಡಬ್ಬಿಗೆ ಯೊಸೆಮಿಟಿಯಲ್ಲಿ ನಿಷೇಧ! ಒಂದೇ ದೇಶದಲ್ಲಿ ಎರಡು ಕಾಡು, ಎರಡು ಕಟ್ಟಳೆ. ಕರಡಿಯನ್ನು ಅರಿತು ಕಟ್ಟಳೆ ಮಾಡಬೇಕೇ ಹೊರತು ಕಟ್ಟಳೆಗೆ ಕರಡಿ ಒಗ್ಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ನಮ್ಮ ಕರಡಿಗೆ ದಾರಿಹೋಕನ ರೊಟ್ಟಿಯ ಗಂಟಿನ ಮೇಲೆ ಅಂಥ ವ್ಯಾಮೋಹವಿಲ್ಲ. ಆದ್ದರಿಂದ ಬುತ್ತಿಯ ಡಬ್ಬಿಗಿಂತ ಬಾಯಿಯ ಮಾತು ಇಲ್ಲಿ ಹೆಚ್ಚಿನ ರಕ್ಷಣೆ. ಯೆಲ್ಲೊಸ್ಟೋನಿನ ವನಪಾಲಕರು ಹೇಳುವ ಗುಂಪು, ಸದ್ದು, ಹಗಲು ಎಂಬ ಮೂರು ಮಾತುಗಳು ನನ್ನಿವಾಳದ ಮಂದೆಯ ಜೊತೆಯಲ್ಲಿ ತಾವಾಗಿಯೇ ನಡೆದುಬರುತ್ತವೆ. ಓದು ಬೇರೆಯಾದರೂ ಪಾಠ ಒಂದೇ.

ಕಿರಿದಾಗುತ್ತಿರುವ ದಾರಿ

ಇಷ್ಟೆಲ್ಲ ವಿವೇಕವಿದ್ದರೂ ಮನುಷ್ಯ ಕರಡಿಗಳ ನಡುವಿನ ಘರ್ಷಣೆ ನಿಂತಿಲ್ಲ. ಅದಕ್ಕೆ ಕಾರಣ ಕರಡಿಯ ಕೋಪದಲ್ಲಿಲ್ಲ, ನೆಲದ ಲೆಕ್ಕದಲ್ಲಿದೆ.

ಮೈಸೂರು ಅರಸರ ಕಾಲದಿಂದಲೂ ಅಮೃತಮಹಲ್ ದನಗಳಿಗಾಗಿ ‘ಕಾವಲು’ ಎಂಬ ವಿಶಾಲ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಚಳ್ಳಕೆರೆಯ ಸುತ್ತ ಅಂಥ ಕಾವಲುಗಳು ಹಲವು. 2009 ಮತ್ತು 2010ರಲ್ಲಿ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳ ಕಡೆಯಲ್ಲಿ ಸುಮಾರು 10,000 ಎಕರೆ ನೆಲವನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡುವ ನಿರ್ಧಾರವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಬಾಹ್ಯಾಕಾಶ ಸಂಸ್ಥೆಗೂ ಒಂದು ಪಾಲು. ಎತ್ತರದ ಗೋಡೆಗಳು ಎದ್ದವು, ಜನ ಪ್ರತಿಭಟಿಸಿದರು, ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2017ರಲ್ಲಿ ವರವು ಕಾವಲಿನಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ದೇಶಕ್ಕೆ ವಿಜ್ಞಾನ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಬಯಲಿನ ಹುಲ್ಲು ಗೋಡೆಯೊಳಗೆ ಸೇರಿದರೆ, ಹೊರಗೆ ಉಳಿದ ದನ ಗುಡ್ಡವನ್ನಲ್ಲದೆ ಇನ್ನೆಲ್ಲಿಗೆ ಮುಖ ಮಾಡಬೇಕು?

ಗುಡ್ಡದ ಕಡೆಯಿಂದ ಕರಡಿಯನ್ನೂ ಹೀಗೆಯೇ ನೂಕಲಾಗುತ್ತಿದೆ. ಬಂಡೆಯೇ ಕರಡಿಯ ಮನೆಯಾದುದರಿಂದ, ಕಲ್ಲುಗಣಿ ಬಂದ ಕಡೆ ಅದರ ಮನೆಯೇ ಲಾರಿಯೇರಿ ಹೋಗುತ್ತದೆ. ಪೊದೆ ಸವರಿದರೆ ಹಣ್ಣಿಲ್ಲ. ಹಣ್ಣಿಲ್ಲದ ವರ್ಷ ಕರಡಿ ಹೊಲದ ಕಡಲೆಕಾಯಿಗೂ ಮೆಕ್ಕೆಜೋಳಕ್ಕೂ ಇಳಿಯುತ್ತದೆ. ಬಯಲಿನಿಂದ ಮನುಷ್ಯ, ಗುಡ್ಡದಿಂದ ಕರಡಿ, ಇಬ್ಬರೂ ಒಂದೇ ಮೂಲೆಗೆ ಬಂದು ಸೇರಿದರೆ ಯಾವ ಗಂಟೆಯ ಸದ್ದು ತಾನೇ ಸಾಕಾದೀತು?

ಪರಿಹಾರದ ದಾರಿ ತೀರ ಮುಚ್ಚಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಕರಡಿಗೆ ಮೊದಲನೆಯ ಅನುಸೂಚಿಯ ರಕ್ಷಣೆಯಿದೆ. ಬಳ್ಳಾರಿ ಸೀಮೆಯ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗೆಂದೇ 82 ಚದರ ಕಿಲೋಮೀಟರಿಗೂ ಹೆಚ್ಚಿನ ಅಭಯಧಾಮವಾಯಿತು. ಒಂದು ಕಾಲಕ್ಕೆ ಬೋಳಾಗಿದ್ದ ಆ ಗುಡ್ಡಗಳಲ್ಲಿ ಪೊದೆ ಬೆಳೆಯಿತು, ಹಣ್ಣು ಬಂತು, ಕರಡಿ ಉಳಿಯಿತು. ಅಲ್ಲಿಯ ವೀಕ್ಷಣಾ ಗೋಪುರದಿಂದ ಬಂಡೆಗಳ ಮೇಲಿನ ಕರಡಿಗಳನ್ನು ಸಾವಿರಾರು ಜನ ನೋಡಿ ಸಂತೋಷಪಟ್ಟಿದ್ದಾರೆ. ಮೊಳಕಾಲ್ಮೂರಿನ ನೆರೆಯ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ, ಒನಕೆ ಓಬವ್ವನ ತವರೆಂದು ಜನ ಹೇಳುವ ಊರಿನಲ್ಲಿ, 2013ರಲ್ಲಿ ಇನ್ನೊಂದು ಕರಡಿಧಾಮ ಆಯಿತು. ಮೂಗುದಾರ ಹಾಕಿ ಬೀದಿಯಲ್ಲಿ ಕರಡಿ ಕುಣಿಸುವ ಪದ್ಧತಿಯೂ 2009ರ ವೇಳೆಗೆ ಕೊನೆಗೊಂಡಿತು. ಕುಣಿಸುತ್ತಿದ್ದ ಕಲಂದರರಿಗೆ ಬೇರೆ ಕಸುಬು ಕಲಿಸಿ, ಕರಡಿಗಳನ್ನು ಬನ್ನೇರುಘಟ್ಟದಂಥ ಆಶ್ರಯಗಳಿಗೆ ಸೇರಿಸಲಾಯಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇವು ಸಾಕ್ಷಿ. ಆದರೆ ಅಭಯಧಾಮದ ಗಡಿಯ ಫಲಕವನ್ನು ಕರಡಿ ಓದಲಾರದು. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಅದು ನಡೆಯುವ ಹಾದಿಯೂ ಉಳಿಯಬೇಕು. ದನಗಾಹಿ ಮೇವಿನಿಂದ ಮೇವಿಗೆ ನಡೆಯುವ ಹಾದಿಯೂ ಉಳಿಯಬೇಕು. ಎರಡನ್ನೂ ಒಟ್ಟಿಗೆ ಯೋಚಿಸದ ಯೋಜನೆ ಎರಡನ್ನೂ ಕೆಡಿಸುತ್ತದೆ.

ಪಟ್ಟಣದ ಚಾರಣಿಗರಿಗೆ

ಬೆಂಗಳೂರಿನ ಸುತ್ತಮುತ್ತ ರಾಮನಗರ, ಸಾವನದುರ್ಗ, ತುಮಕೂರಿನ ದೇವರಾಯನದುರ್ಗದ ಬಂಡೆಗುಡ್ಡಗಳೆಲ್ಲ ಕರಡಿಯ ನೆಲೆಗಳೇ. ಸೂರ್ಯೋದಯವನ್ನು ಬೆಟ್ಟದ ತುದಿಯಲ್ಲಿ ನೋಡಬೇಕೆಂದು ನಡುರಾತ್ರಿಯಲ್ಲಿ ಹೊರಡುವ ತರುಣರು, ಕರಡಿ ಗವಿಗೆ ಹಿಂದಿರುಗುವ ಹೊತ್ತನ್ನೇ ತಮ್ಮ ಹೊತ್ತಾಗಿ ಆರಿಸಿಕೊಂಡಿರುತ್ತಾರೆ ಎಂಬುದು ಅವರಿಗೆ ತಿಳಿದಿರುವುದಿಲ್ಲ. ಕಿವಿಗೆ ತಂತಿ ಸಿಕ್ಕಿಸಿಕೊಂಡು ಹಾಡು ಕೇಳುತ್ತ ನಡೆಯುವುದು ಇನ್ನೂ ಕೆಟ್ಟದ್ದು: ಅವನಿಗೂ ಕರಡಿ ಕೇಳಿಸದು, ಕರಡಿಗೂ ಅವನು ಕೇಳಿಸನು. ಹಾಡಲೇಬೇಕೆಂದಿದ್ದರೆ ಬಾಯಿಬಿಟ್ಟು ಹಾಡಲಿ. ಕಂಠ ಹೇಗೇ ಇರಲಿ, ಕರಡಿ ವಿಮರ್ಶಕನಲ್ಲ.

ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿಗೆ ಕಾಲಿಡಬಾರದು. ಹಗಲಿನಲ್ಲಿಯೇ, ಮೂವರು ನಾಲ್ವರು ಒಟ್ಟಾಗಿ, ಸ್ಥಳ ಬಲ್ಲವರನ್ನು ಮುಂದಿಟ್ಟುಕೊಂಡು ಹೋಗಬೇಕು. ದೂರದಲ್ಲಿ ಕರಡಿ ಕಂಡರೆ, ಅದು ನೋಡಿರದಿದ್ದರೆ, ಬಂದ ದಾರಿಯಲ್ಲಿಯೇ ಮೆಲ್ಲನೆ ಹಿಂದೆ ಸರಿಯಬೇಕು. ಚಿತ್ರ ತೆಗೆಯುವ ಆಸೆಯಿಂದ ಮುಂದೆ ಹೋಗುವುದು ಮೂರ್ಖತನ. ಕರಡಿ ಮೇಲೆ ಬಿದ್ದೇಬಿಟ್ಟರೆ ಓಡಿ ಗೆಲ್ಲಲಾಗದು. ಬೋರಲಾಗಿ ಮಲಗಿ, ಮುಖವನ್ನು ನೆಲಕ್ಕೆ ಒತ್ತಿ, ಎರಡೂ ಕೈಗಳ ಬೆರಳುಗಳನ್ನು ಹೆಣೆದು ಕುತ್ತಿಗೆಯ ಹಿಂಭಾಗವನ್ನು ಮುಚ್ಚಿಕೊಂಡು ಅಲುಗಾಡದೆ ಇರುವುದೇ ಬಲ್ಲವರು ಹೇಳುವ ಉಪಾಯ. ಬೆನ್ನಿನ ಚೀಲವನ್ನು ಬಿಸಾಡಬಾರದು. ಅದು ಆ ಹೊತ್ತಿನ ಗುರಾಣಿ. ಎದುರಿನ ಭಯ ಅಡಗಿತೆಂದು ಕಂಡರೆ ಕರಡಿ ಬಹುಬೇಗ ಬಿಟ್ಟುಹೋಗುವುದೇ ಹೆಚ್ಚು. ಗಾಯ ಸಣ್ಣದೆಂದು ಮನೆಮದ್ದು ಹಚ್ಚಿ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಧನುರ್ವಾಯು, ರೇಬಿಸ್‌ಗಳ ಚುಚ್ಚುಮದ್ದಿನ ವಿಷಯವನ್ನು ವೈದ್ಯರು ನಿರ್ಧರಿಸುತ್ತಾರೆ.

ಕ್ಯಾಲಿಫೋರ್ನಿಯಾ ರಾಜ್ಯದ ಬಾವುಟದ ಮೇಲೆ ಇಂದಿಗೂ ಗ್ರಿಜ್ಲಿ ಕರಡಿಯ ಚಿತ್ರವಿದೆ. ಆ ರಾಜ್ಯದ ನೆಲದಲ್ಲಿ ಮಾತ್ರ ಒಂದೂ ಗ್ರಿಜ್ಲಿ ಇಲ್ಲ. 1920ರ ದಶಕದಲ್ಲಿ ಕೊನೆಯದೂ ಗುಂಡಿಗೆ ಸಿಕ್ಕಿ ಅಳಿದುಹೋಯಿತು. ಬಾವುಟದಲ್ಲಿ ಬರೆದಿಟ್ಟ ಕರಡಿ ಯಾರನ್ನೂ ಪರಚುವುದಿಲ್ಲ; ಹಾಗೆಯೇ ಯಾವ ಗುಡ್ಡಕ್ಕೂ ಜೀವ ತುಂಬುವುದಿಲ್ಲ. ಕನ್ನಡದ ಕರಡಿ ಗಾದೆಯಲ್ಲಿ ಮಾತ್ರ ಉಳಿಯಬೇಕೇ, ಗುಡ್ಡದಲ್ಲಿಯೂ ಉಳಿಯಬೇಕೇ ಎಂಬುದು ಬಹುಮಟ್ಟಿಗೆ ಈ ತಲೆಮಾರಿನ ಕೈಯಲ್ಲಿದೆ. ನನ್ನಿವಾಳದ ಕಿಲಾರಿ ಕೋವಿಯಿಲ್ಲದೆ, ಕಂಬಳಿ ಕೋಲುಗಳನ್ನಷ್ಟೇ ಹಿಡಿದು, ಕರಡಿಗೆ ಅದರ ಹೊತ್ತನ್ನು ಬಿಟ್ಟು ತನ್ನ ಹೊತ್ತಿನಲ್ಲಿ ನಡೆದು ತೋರಿಸಿದ್ದಾನೆ. ಅವನಿಗೂ ಕರಡಿಗೂ ನಡೆಯಲು ನೆಲವೊಂದನ್ನು ಉಳಿಸಿಕೊಡುವುದು ಉಳಿದವರ ಪಾಲಿನ ಕೆಲಸ.